ಆಖೆನ್‌ನಲ್ಲಿ ಓದು, ಶನಿವಾರ ರಿಪೇರಿ

ಪ್ರತಿ ವರ್ಷ ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮಿಬ್ಬರ ಫೋನಿಗೆ ಜೂನಿಯರ್‌ಗಳ ಮೆಸೇಜ್ ಬರೋಕೆ ಶುರುವಾಗುತ್ತೆ. “ಅಣ್ಣಾ, ಜರ್ಮನಿಗೆ ಸಿಜಿಪಿಎ ಎಷ್ಟಿರಬೇಕು?”, “ಅಕ್ಕಾ, ಬ್ಲಾಕ್ಡ್ ಅಕೌಂಟಿಗೆ ಎಷ್ಟು ದುಡ್ಡು ಹಾಕಬೇಕು?”, “ರೂಮ್ ಸಿಗುತ್ತಾ?”, “ಪಾರ್ಟ್ ಟೈಮ್ ಕೆಲಸ?” ಇಷ್ಟಕ್ಕೆ ಪ್ರಶ್ನೆಗಳು ಮುಗಿದುಹೋಗುತ್ತವೆ. ಅಲ್ಲಿ ಹೋದಮೇಲೆ ಕ್ಲಾಸಿಲ್ಲದ ದಿನ ಏನು ಮಾಡ್ತೀರಿ, ಯಾರ ಜೊತೆ ಮಾತಾಡ್ತೀರಿ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ. ನಮ್ಮ ಅನುಭವ ಕೇಳಿದ್ರೆ, ಎರಡು ವರ್ಷ ಹೇಗೆ ಕಳೆಯುತ್ತೆ ಅನ್ನೋದು ಅರ್ಧಕ್ಕರ್ಧ ಆ ಕೇಳದ ಪ್ರಶ್ನೆಯ ಮೇಲೇ ನಿಂತಿರುತ್ತೆ. ಅದಕ್ಕೇ ಕನ್ನಡ ಸಂಘದವರು ಏನಾದ್ರೂ ಬರೆದುಕೊಡಿ ಅಂದಾಗ, ಓದಿನ ಜೊತೆ ಸ್ವಯಂಸೇವೆಯ ವಿಷಯವನ್ನೂ ಸೇರಿಸಿ ಬರೆಯೋಣ ಅಂದುಕೊಂಡ್ವಿ.

ನಾವಿಬ್ಬರೂ ಇದೇ ಕ್ಯಾಂಪಸ್ಸಿನವರು. ಒಬ್ಬ ಮೆಕ್ಯಾನಿಕಲ್, ಒಬ್ಬಳು ಇ ಅಂಡ್ ಸಿ. 2023ರ ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಮಾಡೋಕೆ ಆಖೆನ್‌ಗೆ ಹೋದ್ವಿ. ಜರ್ಮನಿಯ ಪಶ್ಚಿಮದ ತುದಿಯ ಊರು ಅದು. ನೆದರ್ಲೆಂಡ್ಸ್, ಬೆಲ್ಜಿಯಂ ಗಡಿ ಎಷ್ಟು ಹತ್ತಿರ ಅಂದ್ರೆ ಸಿಟಿ ಬಸ್ಸಿನಲ್ಲೇ ಇನ್ನೊಂದು ದೇಶಕ್ಕೆ ಹೋಗಿ ತರಕಾರಿ ತಗೊಂಡು ಬರಬಹುದು. 1870ರಲ್ಲಿ ಶುರುವಾದ ತಾಂತ್ರಿಕ ವಿಶ್ವವಿದ್ಯಾಲಯ, ಅದಕ್ಕಿಂತ ಸಾವಿರ ವರ್ಷ ಹಳೆಯ ಕೆಥೆಡ್ರಲ್, ಗಂಧಕದ ವಾಸನೆಯ ಬಿಸಿನೀರ ಬುಗ್ಗೆಗಳು, ಮತ್ತೆ ಮಳೆ. ನಮ್ಮಲ್ಲೊಬ್ಬ ತೀರ್ಥಹಳ್ಳಿ ಕಡೆಯವನಾದ್ದರಿಂದ ಮಳೆ ಹೊಸದಾಗಿರಲಿಲ್ಲ, ಆದರೆ ಮಳೆಯ ಜೊತೆ ಬಿಸಿ ಬಿಸಿ ತಿಂಡಿ ಇಲ್ಲದಿರೋದು ಹೊಸದಾಗಿತ್ತು.

ಮೊದಲು ನೀವು ಕೇಳೋ ಪ್ರಶ್ನೆಗಳಿಗೆ ಬೇಗ ಬೇಗ ಉತ್ತರ ಕೊಟ್ಟುಬಿಡ್ತೀವಿ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆರು ತಿಂಗಳಿಗೊಮ್ಮೆ ಸೆಮಿಸ್ಟರ್ ವಂತಿಗೆ ಅಂತ ಸುಮಾರು 300 ಯೂರೋ ಕಟ್ಟಬೇಕು, ನಮ್ಮಲ್ಲಿ ಬಸ್ಸು ರೈಲಿನ ಪಾಸೂ ಅದರಲ್ಲೇ ಸೇರಿತ್ತು. ಆದರೆ “ಜರ್ಮನಿ ಅಂದ್ರೆ ಫ್ರೀ” ಅಂತ ಕಣ್ಣು ಮುಚ್ಚಿ ಹೊರಡಬೇಡಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕುತ್ತೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋವರೆಗೆ ತಗೊಳ್ತಿದೆ. ಬ್ಲಾಕ್ಡ್ ಅಕೌಂಟ್ ಅಂದ್ರೆ ಒಂದು ವರ್ಷದ ಖರ್ಚಿನ ಹಣವನ್ನು ಮೊದಲೇ ಒಂದು ಖಾತೆಗೆ ಹಾಕಿಡೋದು. ಅಲ್ಲಿಂದ ತಿಂಗಳಿಗೆ ಇಷ್ಟೇ ಅಂತ ನಮ್ಮ ಕೈಗೆ ಬರುತ್ತೆ. ನಾವು ಹೋದಾಗ ವರ್ಷಕ್ಕೆ 11,208 ಯೂರೋ ಇತ್ತು, 2024ರ ಸೆಪ್ಟೆಂಬರ್‌ನಿಂದ 11,904 ಆಯ್ತು. ಅಂದ್ರೆ ತಿಂಗಳಿಗೆ 992. ಇದರಲ್ಲೇ ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲಾ. ಭಾರತದವರು 2022ರ ನವೆಂಬರ್‌ನಿಂದ ವೀಸಾಗೆ ಮೊದಲು ಎಪಿಎಸ್ ಅನ್ನೋ ಪ್ರಮಾಣಪತ್ರ ತಗೋಬೇಕು, ನಮ್ಮ ಅಂಕಪಟ್ಟಿಗಳು ಅಸಲಿ ಅಂತ ಹೇಳೋ ಕಾಗದ ಅದು.

ಅಂಕಗಳ ಲೆಕ್ಕ ಅಲ್ಲಿ ತಲೆಕೆಳಗು. 1.0 ಅಂದ್ರೆ ಅತ್ಯುತ್ತಮ, 4.0 ಅಂದ್ರೆ ಜಸ್ಟ್ ಪಾಸ್, 5.0 ಅಂದ್ರೆ ಫೇಲ್. ನಮ್ಮ ಸಿಜಿಪಿಎಯನ್ನು ಬದಲಾಯಿಸೋಕೆ ಬವೇರಿಯನ್ ಸೂತ್ರ ಅಂತ ಒಂದಿದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನ ಗರಿಷ್ಠಕ್ಕೂ ಪಾಸ್ ಗೆರೆಗೂ ಇರೋ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಸಿಜಿಪಿಎ 8.5, ಪಾಸ್ ಗೆರೆ 5 ಆಗಿದ್ರೆ 1.9 ಬರುತ್ತೆ.

ಪರೀಕ್ಷೆ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಓದಿ. ನಾವು ತಗೊಂಡ ಬಹುತೇಕ ವಿಷಯಗಳಿಗೆ ಹಾಜರಾತಿ ಇರಲಿಲ್ಲ, ಇಂಟರ್ನಲ್ಸ್ ಇರಲಿಲ್ಲ, ಅಸೈನ್‌ಮೆಂಟ್ ಕೊಟ್ಟಿಲ್ಲ ಅಂತ ಯಾರೂ ಬೆನ್ನು ಹತ್ತಲ್ಲ. ಕ್ಲಾಸ್ 10 ಗಂಟೆಗೆ ಅಂತಿದ್ರೆ ಎಷ್ಟೋ ಕಡೆ 10:15ಕ್ಕೇ ಶುರು, ಆ 15 ನಿಮಿಷಕ್ಕೆ ‘ಅಕಾಡೆಮಿಕ್ ಕಾಲುಗಂಟೆ’ ಅಂತಲೇ ಹೆಸರು. ಮೇಷ್ಟ್ರು ಪಾಠ ಮುಗಿಸಿದ ಮೇಲೆ ಚಪ್ಪಾಳೆ ಇಲ್ಲ, ಎಲ್ಲರೂ ಬೆರಳ ಗೆಣ್ಣಿನಿಂದ ಡೆಸ್ಕ್ ಕುಟ್ತಾರೆ. ಇದೆಲ್ಲಾ ನೋಡಿ ‘ಆಹಾ ಏನು ಆರಾಮು’ ಅನ್ನಿಸುತ್ತೆ. ಆಮೇಲೆ ಫೆಬ್ರವರಿ ಬರುತ್ತೆ. ಇಡೀ ವಿಷಯಕ್ಕೆ ಒಂದೇ ಪರೀಕ್ಷೆ, ಅದರ ಮೇಲೇ ನೂರಕ್ಕೆ ನೂರು ತೂಕ. ಒಂದು ವಿಷಯವನ್ನು ಸಾಮಾನ್ಯವಾಗಿ ಮೂರು ಸಲ ಮಾತ್ರ ಬರೀಬಹುದು. ಕಡ್ಡಾಯ ವಿಷಯದಲ್ಲಿ ಮೂರನೇ ಸಲವೂ ಹೋದ್ರೆ ಆ ಕೋರ್ಸಿನಿಂದ ಹೊರಗೆ, ಮತ್ತೆ ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲೂ ಮುಂದುವರಿಸೋಕೆ ಆಗಲ್ಲ. ಎಂಟು ಬ್ಯಾಕ್ ಇಟ್ಟುಕೊಂಡು ಕೊನೇ ವರ್ಷ ಕ್ಲಿಯರ್ ಮಾಡೋ ನಮ್ಮ ಸಂಪ್ರದಾಯ ಅಲ್ಲಿ ನಡೆಯಲ್ಲ. ಮನೇಲಿ ಸಾಲ, ತಲೆ ಮೇಲೆ ಮೂರನೇ ಅವಕಾಶ, ಹೀಗೆ ಪರೀಕ್ಷೆಗೆ ಕೂತವರನ್ನು ನಾವು ಹತ್ತಿರದಿಂದ ನೋಡಿದ್ದೀವಿ.

ಸ್ವಯಂಸೇವೆ ಅನ್ನೋದನ್ನ ನಾವು ಮೊದಲು ಕಂಡಿದ್ದೂ ಈ ಪರೀಕ್ಷೆಯ ದಾರಿಯಲ್ಲೇ. ಪ್ರತಿ ವಿಭಾಗಕ್ಕೂ ಫಾಖ್‌ಶಾಫ್ಟ್ ಅಂತ ವಿದ್ಯಾರ್ಥಿಗಳ ಒಂದು ಬಳಗ ಇರುತ್ತೆ. ಹಳೇ ಸೋಫಾ, ಒಂದು ಕಾಫಿ ಮಷೀನು, ಗೋಡೆ ತುಂಬಾ ಫೈಲು, ಇಷ್ಟೇ ಅವರ ಕೋಣೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಕೂಡಿಡೋದು, ಹೊಸಬರಿಗೆ ಊರು ತೋರಿಸೋದು, ಯಾವ ಪರೀಕ್ಷೆಗೆ ಯಾವತ್ತಿನೊಳಗೆ ಹೆಸರು ನೋಂದಾಯಿಸಬೇಕು ಅಂತ ನೂರಾರನೇ ಸಲ ಬೇಸರವಿಲ್ಲದೆ ಹೇಳೋದು, ಪ್ರೊಫೆಸರ್‌ಗಳ ಸಭೆಯಲ್ಲಿ ಕೂತು ವಿದ್ಯಾರ್ಥಿಗಳ ಪರ ವಾದ ಮಾಡೋದು ಇವರ ಕೆಲಸ. ಇದಕ್ಕೆಲ್ಲಾ ಸಂಬಳ ಎಷ್ಟು ಕೊಡ್ತಾರೆ ಅಂತ ಕೇಳಿದ್ವಿ. ಪ್ರಶ್ನೆಪತ್ರಿಕೆ ಕೊಡ್ತಿದ್ದ ಹುಡುಗ ನಕ್ಕು, ಕಾಫಿ ಫ್ರೀ ಅಂದ. ಅವನಿಗೂ ನಮ್ಮ ಹಾಗೇ ಫೆಬ್ರವರಿಯಲ್ಲಿ ಐದು ಪರೀಕ್ಷೆ ಇತ್ತು.

ಇನ್ನು ಕ್ಲಾಸಿಲ್ಲದ ದಿನಗಳ ಕಥೆ. ನಮ್ಮ ಕೋರ್ಸ್ ಇಂಗ್ಲಿಷಿನಲ್ಲಿ. ಮನೆ ಹಂಚಿಕೊಂಡಿದ್ದು ಹೈದರಾಬಾದ್, ಪುಣೆಯವರ ಜೊತೆ. ಪಾರ್ಟ್ ಟೈಮ್ ಕೆಲಸ ಒಂದು ಗೋಡೌನಿನಲ್ಲಿ, ಅಲ್ಲೂ ಸುತ್ತ ನಮ್ಮವರೇ, ಹಿಂದಿಯಲ್ಲೇ ಮಾತು. 2023-24ರ ಚಳಿಗಾಲದಲ್ಲಿ ಜರ್ಮನಿಯಲ್ಲಿ ಓದ್ತಿದ್ದ ಭಾರತೀಯರು 49 ಸಾವಿರದಷ್ಟಿದ್ರು, ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮದೇ ದೊಡ್ಡ ಗುಂಪು. ಅಷ್ಟು ಜನ ಇರೋದ್ರಿಂದ ಉದ್ದಿನಬೇಳೆಯಿಂದ ಹಿಡಿದು ಹೇರ್‌ಕಟ್‌ವರೆಗೆ ಎಲ್ಲಾ ನಮ್ಮವರ ಮೂಲಕವೇ ನಡೆಯುತ್ತೆ. ಅನುಕೂಲವೇ ಅದು, ಇಲ್ಲ ಅನ್ನಲ್ಲ. ಆದರೆ ಐದು ತಿಂಗಳಾದ್ರೂ ನಮ್ಮ ಜರ್ಮನ್ ‘ಡಾಂಕೆ’, ‘ಚೂಸ್’ ದಾಟಿರಲಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತೆ. ಭಾನುವಾರ ಅಂಗಡಿಗಳೆಲ್ಲಾ ಬಂದ್. ಇಡೀ ದಿನ ರೂಮಿನಲ್ಲಿ ಕೂತು, ನಾವು ಜರ್ಮನಿಯಲ್ಲಿದ್ದೀವೋ ಇಲ್ಲಾ ಯಾವುದೋ ಪಿಜಿಯಲ್ಲಿದ್ದೀವೋ ಅನ್ನಿಸ್ತಿತ್ತು. ಮೆಟ್ಟಿಲಲ್ಲಿ ಎದುರಾಗೋ ಪಕ್ಕದ ಮನೆ ಅಜ್ಜಿಗೆ ‘ಹಲೋ’ ಅಂದರೆ ಅವರೂ ‘ಹಲೋ’ ಅಂತಿದ್ರು. ಅಷ್ಟಕ್ಕೇ ಮಾತು ಮುಗೀತಿತ್ತು.

ಭಾಷಾ ತರಗತಿಗೆ ಸೇರಿದ್ವಿ. ಅಲ್ಲಿನ ಮೇಡಂ ಒಂದು ದಿನ, ಮನೆಗೆಲಸ ಅಂತ ಹೇಳಿದ್ದು ಇಷ್ಟೇ: ಊರಿನಲ್ಲಿ ಯಾವುದಾದ್ರೂ ಒಂದು ಕಡೆ ‘ಏರನ್‌ಆಮ್ಟ್’ ಮಾಡಿ ಬನ್ನಿ, ಪುಸ್ತಕಕ್ಕಿಂತ ಬೇಗ ಕಲೀತೀರಿ.

ಏರನ್‌ಆಮ್ಟ್ ಅಂದ್ರೆ ಪದಶಃ ಗೌರವದ ಹುದ್ದೆ. ನಾವು ಸ್ವಯಂಸೇವೆ ಅನ್ನೋದಕ್ಕೆ ಅವರ ಪದ. ನಮಗೆ ಸ್ವಯಂಸೇವೆ ಅಂದ ಕೂಡಲೇ ನೆನಪಾಗೋದು ಎನ್‌ಎಸ್‌ಎಸ್ ಕ್ಯಾಂಪು, ರಕ್ತದಾನ ಶಿಬಿರ, ಒಂದು ಟೀ ಶರ್ಟು, ಒಂದು ಸರ್ಟಿಫಿಕೇಟು. ಅಲ್ಲಿ ಅದರ ವ್ಯಾಪ್ತಿಯೇ ಬೇರೆ. ಒಂದು ಉದಾಹರಣೆ ಸಾಕು. ಅಲ್ಲಿ ಮನೆಗೆ ಬೆಂಕಿ ಬಿದ್ದಾಗ 112ಕ್ಕೆ ಫೋನ್ ಮಾಡಿದ್ರೆ ಕೆಂಪು ಗಾಡಿ ಬರುತ್ತಲ್ಲ, ದೊಡ್ಡ ನಗರಗಳನ್ನು ಬಿಟ್ಟರೆ ಅದರಲ್ಲಿ ಕೂತು ಬರೋರು ಸಂಬಳದ ನೌಕರರಲ್ಲ. ಬೇಕರಿಯವನು, ಶಾಲೆ ಟೀಚರ್, ಬ್ಯಾಂಕ್ ಕ್ಲರ್ಕ್. ಪೇಜರ್ ಕೂಗಿದ ಕೂಡಲೇ ಇದ್ದ ಕೆಲಸ ಬಿಟ್ಟು ಓಡ್ತಾರೆ. ದೇಶದಲ್ಲಿ ಹೀಗೆ ಸ್ವಯಂಸೇವಕ ಅಗ್ನಿಶಾಮಕರು ಹತ್ತು ಲಕ್ಷದ ಆಸುಪಾಸು ಇದ್ದಾರೆ. ಇದನ್ನ ಮೊದಲು ಕೇಳಿದಾಗ ನಾವು ನಂಬಿರಲಿಲ್ಲ. ಇಷ್ಟು ಶ್ರೀಮಂತ ದೇಶ, ಫೈರ್ ಇಂಜಿನ್ನಿಗೆ ಆಳು ಇಟ್ಟುಕೊಳ್ಳೋಕೆ ಆಗಲ್ವಾ ಅಂತ!

ನಮ್ಮಂಥ ಇಂಜಿನಿಯರಿಂಗ್‌ನವರಿಗೆ ಇನ್ನೂ ಕುತೂಹಲದ್ದು ಟಿಎಚ್‌ಡಬ್ಲ್ಯೂ. ತಾಂತ್ರಿಕ ನೆರವು ದಳ ಅನ್ನಬಹುದು. 1950ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ, ಆದರೆ ಅದನ್ನ ನಡೆಸೋರು ಬಹುತೇಕ ಎಲ್ಲರೂ ಸ್ವಯಂಸೇವಕರೇ, 80 ಸಾವಿರಕ್ಕೂ ಹೆಚ್ಚು ಜನ. ಪಂಪು, ಜನರೇಟರು, ಕುಸಿದ ಕಟ್ಟಡದೊಳಗೆ ಹೋಗೋದು, ತಾತ್ಕಾಲಿಕ ಸೇತುವೆ ಕಟ್ಟೋದು, ಇಂಥಾ ಕೆಲಸಗಳು. ವಿಪತ್ತಿಗೆ ಕರೆ ಬಂದು ಹೋದ್ರೆ ಆ ದಿನಗಳ ಸಂಬಳವನ್ನು ಮಾಲೀಕರು ಹಿಡಿಯೋ ಹಾಗಿಲ್ಲ ಅಂತ ಕಾನೂನೇ ಇದೆ. 2021ರ ಜುಲೈ 14, 15ರಂದು ಜರ್ಮನಿಯ ಪಶ್ಚಿಮ ಭಾಗದಲ್ಲಿ ದೊಡ್ಡ ಪ್ರವಾಹ ಬಂತು. 180ಕ್ಕೂ ಹೆಚ್ಚು ಜನ ಸತ್ತರು. ಆರ್ ನದಿಯ ಕಣಿವೆಯಲ್ಲಿ ಸೇತುವೆಗಳೇ ಕೊಚ್ಚಿಹೋದಾಗ ತಾತ್ಕಾಲಿಕ ಸೇತುವೆಗಳನ್ನ ಹಾಕಿದ್ದು ಈ ದಳ. ಆಖೆನ್ ಪಕ್ಕದ ಶ್ಟೋಲ್‌ಬರ್ಗ್, ಎಶ್‌ವೈಲರ್ ಊರುಗಳಿಗೂ ನೀರು ನುಗ್ಗಿತ್ತು. ನಾವು ಹೋಗಿದ್ದು ಎರಡು ವರ್ಷದ ಮೇಲೆ, ಆಗಲೂ ಸಂಜೆ ಮಾತಿಗೆ ಕೂತರೆ ‘ಆ ವಾರ ನಾನು ಯಾರ ನೆಲಮಾಳಿಗೆಯ ಕೆಸರು ಬಾಚಿದೆ’ ಅನ್ನೋ ಕಥೆ ಬಂದೇ ಬರ್ತಿತ್ತು. ನಮಗೆ 2018ರ ಕೊಡಗು ನೆನಪಾಗ್ತಿತ್ತು.

ಈ ದಳಗಳಿಗೆ ಸೇರೋ ಆಸೆ ಇತ್ತು, ಭಾಷೆ ಇರಲಿಲ್ಲ. ಹೊಗೆ ತುಂಬಿದ ಕೋಣೆಯಲ್ಲಿ ವೈರ್‌ಲೆಸ್‌ನಲ್ಲಿ ಬರೋ ಜರ್ಮನ್ ಆಜ್ಞೆ ಅರ್ಥ ಆಗದವನಿಂದ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಹಾಗಾಗಿ ಬೇರೆ ಹುಡುಕಿದ್ವಿ. ಅಂಗಡಿಗಳಲ್ಲಿ ಉಳಿದ ಆಹಾರ ತಂದು ಬಡವರಿಗೆ ಹಂಚೋ ಟಾಫೆಲ್ ಅನ್ನೋ ವ್ಯವಸ್ಥೆ ಇದೆ, ಬರ್ಲಿನ್‌ನಲ್ಲಿ 1993ರಲ್ಲಿ ಶುರುವಾಗಿ ಈಗ ದೇಶದಲ್ಲಿ 900ಕ್ಕೂ ಹೆಚ್ಚು ಕಡೆ ನಡೀತಿದೆ. ಅಲ್ಲಿ ಕೆಲವು ದಿನ ಕ್ರೇಟು ಹೊತ್ತು, ಬಾಡಿದ ಸೊಪ್ಪು ಆರಿಸಿದ್ವಿ. ಒಳ್ಳೇ ಕೆಲಸ, ಆದರೆ ವಾರದ ದಿನ ಬೆಳಗ್ಗೆ ಇರ್ತಿದ್ದರಿಂದ ಲ್ಯಾಬ್ ಜೊತೆ ಹೊಂದಲಿಲ್ಲ. ಕೊನೆಗೆ ನಮಗೆ ಸರಿಹೋಗಿದ್ದು ರಿಪೇರಿ ಕೆಫೆ.

ರಿಪೇರಿ ಕೆಫೆ ಮೂಲತಃ ಡಚ್ಚರದು. ಮಾರ್ಟಿನ ಪೋಸ್ಟ್‌ಮಾ ಅನ್ನೋ ಪತ್ರಕರ್ತೆ 2009ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲನೆಯದು ನಡೆಸಿದ್ರು. ಈಗ ಜಗತ್ತಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಇವೆ. ನಮ್ಮದು ತಿಂಗಳಿಗೊಂದು ಶನಿವಾರ, ಒಂದು ಚರ್ಚಿನ ಸಮುದಾಯ ಭವನದಲ್ಲಿ, ಮಧ್ಯಾಹ್ನ ಎರಡರಿಂದ ಆರರವರೆಗೆ. ಬಾಗಿಲಲ್ಲಿ ಇಬ್ಬರು ಕೂತಿರ್ತಾರೆ. ಕೆಟ್ಟ ವಸ್ತು ತಂದವರು ಒಂದು ಚೀಟಿ ತುಂಬಬೇಕು: ಏನು ವಸ್ತು, ಏನಾಗಿದೆ, ಮತ್ತೆ ರಿಪೇರಿ ಆಗದೆ ಇನ್ನಷ್ಟು ಹಾಳಾದ್ರೆ ನಮ್ಮನ್ನ ದೂರಲ್ಲ ಅಂತ ಒಂದು ಸಹಿ. ಆಮೇಲೆ ಕಾಫಿ ಕುಡಿದು, ಯಾರೋ ಮನೆಯಲ್ಲಿ ಮಾಡಿ ತಂದ ಕೇಕು ತಿಂತಾ ಸರದಿ ಕಾಯಬೇಕು. ದುಡ್ಡಿಲ್ಲ, ಇಷ್ಟವಿದ್ದವರು ಡಬ್ಬಿಗೆ ಹಾಕ್ತಾರೆ. ಮುಖ್ಯವಾದ ನಿಯಮ ಒಂದು: ವಸ್ತು ಬಿಟ್ಟು ಹೋಗೋ ಹಾಗಿಲ್ಲ. ಮಾಲೀಕರು ಮೇಜಿನ ಆ ಕಡೆ ಕೂತು, ಟಾರ್ಚ್ ಹಿಡಿದು, ಸ್ಕ್ರೂ ಜೋಪಾನ ಮಾಡಿ, ಜೊತೆಗೇ ರಿಪೇರಿ ಮಾಡಬೇಕು.

ನಮ್ಮ ಮೇಜಿನ ಹಿರಿಯರು ನಿವೃತ್ತ ಎಲೆಕ್ಟ್ರಿಷಿಯನ್, ವಯಸ್ಸು ಎಪ್ಪತ್ತರ ಮೇಲೆ. ಮಾಸ್ಟರ್ಸ್ ಓದ್ತಿದ್ದೀವಿ ಅಂದಿದ್ದಕ್ಕೆ ಅವರ ಮುಖದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಒಂದು ಟೋಸ್ಟರ್ ಕೊಟ್ಟು, ಬಿಚ್ಚೋ ಮೊದಲು ಮಾಲೀಕರಿಗೆ ಮೂರು ಪ್ರಶ್ನೆ ಕೇಳಿ ಅಂದ್ರು. ಯಾವಾಗಿನಿಂದ ಕೆಟ್ಟಿದೆ? ಕೆಡೋ ಮೊದಲು ಏನಾಯ್ತು? ವಾಸನೆ ಬಂತಾ? ಇದು ಒಳ್ಳೇ ಡಯಾಗ್ನೋಸಿಸ್ ಪದ್ಧತಿ ಅನ್ನೋದು ಹೌದು, ಜೊತೆಗೆ ಇದೇ ನಮ್ಮ ಜರ್ಮನ್ ಪಾಠವೂ ಆಯ್ತು. ಅರ್ಥ ಆಗದಿದ್ರೆ ಕೈಯಲ್ಲಿ ತೋರಿಸಿದ್ರೆ ಆಯ್ತು, ವಸ್ತು ಎದುರಿಗೇ ಇದೆಯಲ್ಲ! ‘ವಾಕೆಲ್‌ಕಾಂಟಾಕ್ಟ್’ ಅಂದ್ರೆ ಲೂಸ್ ಕಾಂಟ್ಯಾಕ್ಟ್. ‘ಸಿಖರುಂಗ್’ ಅಂದ್ರೆ ಫ್ಯೂಸು. ಜರ್ಮನ್‌ನಲ್ಲಿ ಎಲ್ಲಾ ವಸ್ತುವಿಗೂ ಲಿಂಗ ಇರುತ್ತೆ, ಅದು ತರಗತಿಯಲ್ಲಿ ತಲೆಗೆ ಹತ್ತಿರಲಿಲ್ಲ. ಟೋಸ್ಟರ್ ಪುಲ್ಲಿಂಗ, ಕಾಫಿ ಮಷೀನ್ ಸ್ತ್ರೀಲಿಂಗ, ಇಸ್ತ್ರಿ ಪೆಟ್ಟಿಗೆ ನಪುಂಸಕ ಲಿಂಗ. ಬಿಚ್ಚಿ ಜೋಡಿಸಿದ ವಸ್ತುವಿನ ಲಿಂಗ ಮರೆಯೋದಿಲ್ಲ.

ಭಾಷೆಯ ಇನ್ನೊಂದು ವಿಷಯ ಕನ್ನಡಿಗರಿಗೆ ಸಲೀಸು. ಅವರಲ್ಲೂ ‘ನೀನು’, ‘ನೀವು’ ಬೇರೆ ಬೇರೆ: ‘ಡು’ ಮತ್ತು ‘ಜೀ’. ಇಂಗ್ಲಿಷ್ ಮಾತ್ರ ಬಲ್ಲವರು ಇಲ್ಲಿ ಒದ್ದಾಡ್ತಾರೆ, ನಮಗೆ ಹೇಳಿಕೊಡಬೇಕಾಗಿಲ್ಲ. ತೊಡಕು ಬಂದಿದ್ದು ಉಲ್ಟಾ ಕಡೆಯಿಂದ. ರಿಪೇರಿ ಕೆಫೆಯಲ್ಲಿ ಸ್ವಯಂಸೇವಕರೆಲ್ಲಾ ಒಬ್ಬರಿಗೊಬ್ಬರು ‘ಡು’. ಅಜ್ಜನ ವಯಸ್ಸಿನವರನ್ನು ‘ನೀನು’ ಅನ್ನಬೇಕು! ಬಾಯಿಗೆ ಬರೋಕೆ ಎರಡು ತಿಂಗಳು ಬೇಕಾಯ್ತು. ಆಮೇಲೂ ಮನಸ್ಸಿನೊಳಗೆ ಕನ್ನಡದಲ್ಲಿ ‘ನೀವು’ ಅಂದುಕೊಂಡೇ ‘ಡು’ ಅಂತಿದ್ವಿ.

ಕೆಲಸದ ವಿಷಯ ಹೇಳ್ತೀವಿ, ಯಾಕಂದ್ರೆ ಇಲ್ಲಿ ಲ್ಯಾಬಿನಲ್ಲಿ ನಾವು ಕೆಟ್ಟಿರೋ ವಸ್ತುವನ್ನೇ ಮುಟ್ಟಿರಲ್ಲ. ಕಿಟ್ ಇರುತ್ತೆ, ಸರ್ಕ್ಯೂಟ್ ಇರುತ್ತೆ, ಬರಬೇಕಾದ ರೀಡಿಂಗ್ ರೆಕಾರ್ಡ್ ಪುಸ್ತಕದಲ್ಲಿ ಮೊದಲೇ ಇರುತ್ತೆ. ಅಲ್ಲಿ ಬರೋ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಎಷ್ಟೋ ಸಲ ಮೋಟಾರು ಸರಿಯಾಗೇ ಇರುತ್ತೆ, ಪ್ಲಗ್ಗಿನ ಕುತ್ತಿಗೆಯಲ್ಲಿ ವೈರು ಒಳಗೇ ತುಂಡಾಗಿರುತ್ತೆ. ಕಾಫಿ ಮಷೀನಿನಲ್ಲಿ ಸುಣ್ಣ ಕಟ್ಟಿ, ಬಿಸಿ ಹೆಚ್ಚಾಗಿ ಥರ್ಮಲ್ ಫ್ಯೂಸ್ ಹೋಗಿರುತ್ತೆ. ಹೊಸ ಥರ್ಮಲ್ ಫ್ಯೂಸನ್ನು ಸಾಮಾನ್ಯ ವೈರಿನ ಹಾಗೆ ಬೆಸುಗೆ ಹಾಕೋಕೆ ಹೋದ್ರೆ ಬೆಸುಗೆಯ ಬಿಸಿಗೇ ಅದು ಸುಟ್ಟುಹೋಗುತ್ತೆ, ಅದಕ್ಕೆ ಕ್ರಿಂಪ್ ಮಾಡಬೇಕು. ಇದನ್ನ ಯಾವ ಪಠ್ಯದಲ್ಲೂ ನಾವು ಓದಿರಲಿಲ್ಲ. ಇನ್ನು ಕೆಲವು ಮಷೀನುಗಳಲ್ಲಿ ಟ್ರಾನ್ಸ್‌ಫಾರ್ಮರ್ ಉಳಿಸೋಕೆ 230 ವೋಲ್ಟ್‌ನಿಂದ ನೇರ ಒಂದು ಕೆಪಾಸಿಟರ್ ಮೂಲಕ ಕಂಟ್ರೋಲ್ ಬೋರ್ಡಿಗೆ ಕರೆಂಟು ಕೊಟ್ಟಿರ್ತಾರೆ. ವರ್ಷಗಳು ಕಳೆದಂತೆ ಆ ಕೆಪಾಸಿಟರಿನ ಬೆಲೆ ಇಳಿದು ಬೋರ್ಡಿಗೆ ಸಾಕಾಗುವಷ್ಟು ಕರೆಂಟು ಸಿಗಲ್ಲ, ಮಷೀನು ಸುಮ್ಮನೆ ಲೈಟು ಮಿಣುಕಿಸ್ತಾ ಕೂತಿರುತ್ತೆ. ಕೆಲವೇ ರೂಪಾಯಿಯ ಭಾಗ, ಅದಕ್ಕಾಗಿ ಇಡೀ ಮಷೀನು ಕಸಕ್ಕೆ ಹೋಗ್ತಿತ್ತು. ಲೈಪ್‌ಜಿಗ್ ಕಡೆಯಿಂದ ಬಂದು ನೆಲೆಸಿದ ಒಬ್ಬರು ಪೂರ್ವ ಜರ್ಮನಿ ಕಾಲದ ಆರ್‌ಜಿ 28 ಅನ್ನೋ ಕೈ ಮಿಕ್ಸರ್ ತಂದಿದ್ರು. ಅದನ್ನ ತಯಾರಿಸಿದ ದೇಶವೇ ಈಗಿಲ್ಲ. ಕಾರ್ಬನ್ ಬ್ರಶ್ ಸವೆದಿತ್ತು ಅಷ್ಟೇ, ಹೊಸದು ಹಾಕಿದ ಮೇಲೆ ಮತ್ತೆ ತಿರುಗಿತು.

ರಿಪೇರಿ ಆಯ್ತು ಅಂತ ಕೈಗೆ ಕೊಟ್ಟು ಕಳಿಸೋ ಹಾಗಿಲ್ಲ. ಮೇನ್ಸ್‌ಗೆ ಹಾಕೋ ಪ್ರತಿ ವಸ್ತುವನ್ನೂ ಪರೀಕ್ಷಾ ಮೇಜಿಗೆ ಒಯ್ಯಬೇಕು. ಲೋಹದ ಮೈ ಇದ್ದು ಅರ್ಥಿಂಗ್ ಇರೋ ವಸ್ತುವಾದ್ರೆ ಅರ್ಥ್ ವೈರಿನ ರೆಸಿಸ್ಟೆನ್ಸ್ (5 ಮೀಟರ್‌ವರೆಗಿನ ವೈರಿಗೆ) 0.3 ಓಮ್ ದಾಟಬಾರದು, 500 ವೋಲ್ಟ್ ಡಿಸಿ ಕೊಟ್ಟಾಗ ಇನ್ಸುಲೇಶನ್ ಕನಿಷ್ಠ 1 ಮೆಗಾಓಮ್ ಇರಬೇಕು. ಅರ್ಥಿಂಗ್ ಇಲ್ಲದ ಡಬಲ್ ಇನ್ಸುಲೇಟೆಡ್ ವಸ್ತುವಿಗೆ 2 ಮೆಗಾಓಮ್. ಇದರಲ್ಲಿ ಫೇಲ್ ಆದ್ರೆ ಮಷೀನು ಎಷ್ಟೇ ಚೆನ್ನಾಗಿ ಓಡ್ತಿದ್ರೂ ಹಿರಿಯರು ಪ್ಲಗ್ ಹಾಕೋಕೆ ಬಿಡ್ತಿರಲಿಲ್ಲ. ಒಂದು ಸಲ ಒಂದು ಹಳೇ ಟೇಬಲ್ ಲ್ಯಾಂಪಿನ ವಿಷಯಕ್ಕೆ ಮಾಲೀಕರಿಗೂ ಅವರಿಗೂ ಜೋರು ಮಾತಾಯ್ತು, ಆದರೂ ಬಗ್ಗಲಿಲ್ಲ. ನಾವು ಮೂರೂವರೆ ಗಂಟೆ ಕೂತು ಮಾಡಿದ ಕೆಲಸ ಅದು, ನಮಗೂ ಸಿಟ್ಟು ಬಂದಿತ್ತು.

ಅಲ್ಲಿಗೆ ಬರೋರೆಲ್ಲಾ ಬಡವರೇನಲ್ಲ. ಮತ್ಯಾಕೆ ಬರ್ತಾರೆ? ಇಲ್ಲಿ ನಮ್ಮ ದೇಶದ ಜೊತೆ ಹೋಲಿಸಿದ್ರೆ ಅರ್ಥ ಆಗುತ್ತೆ. ಅಲ್ಲಿ ಮನುಷ್ಯನ ಒಂದು ಗಂಟೆಯ ಕೆಲಸಕ್ಕೆ ಬೆಲೆ ಜಾಸ್ತಿ, ಹೊಸ ಟೋಸ್ಟರಿಗೆ ಬೆಲೆ ಕಮ್ಮಿ. ಹಾಗಾಗಿ ಸಣ್ಣ ರಿಪೇರಿ ಅಂಗಡಿ ಇಟ್ಟು ಬದುಕೋಕೆ ಆಗಲ್ಲ, ಅಂಗಡಿಗಳು ಮುಚ್ಚಿದ ಜಾಗದಲ್ಲಿ ಸ್ವಯಂಸೇವಕರು ಕೂತಿದ್ದಾರೆ. ನಮ್ಮ ಎಸ್.ಪಿ. ರೋಡಿನಲ್ಲಿ, ನಿಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಮಿಕ್ಸಿ, ಕುಕ್ಕರ್, ಗ್ಯಾಸ್ ಸ್ಟವ್ ರಿಪೇರಿ ಮಾಡಿ ಮನೆ ನಡೆಸೋರು ಇನ್ನೂ ಇದ್ದಾರೆ. ಅಲ್ಲಿನದನ್ನ ಹಾಗೇ ತಂದು ಅವರ ಅಂಗಡಿ ಎದುರು ‘ಪುಕ್ಕಟೆ ರಿಪೇರಿ’ ಬೋರ್ಡ್ ಹಾಕಿದ್ರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗೆ. ಬೆಂಗಳೂರಿನಲ್ಲೂ 2015ರಿಂದ ರಿಪೇರಿ ಕೆಫೆ ಇದೆ, ಅದು ಹೆಚ್ಚಾಗಿ ರಿಪೇರಿಯ ಅಭ್ಯಾಸವೇ ತಪ್ಪಿಹೋಗ್ತಿರೋ ನಗರದವರಿಗೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ರಿಪೇರಿ ಹಕ್ಕಿನ ಒಂದು ಕಾನೂನು ಮಾಡಿದೆ, ಸದಸ್ಯ ದೇಶಗಳು ಅದನ್ನ 2026ರ ಜುಲೈ 31ರಿಂದ ಜಾರಿ ಮಾಡಬೇಕು. ವಾಷಿಂಗ್ ಮಷೀನ್, ಫ್ರಿಜ್, ಫೋನುಗಳ ತಯಾರಕರು ರಿಪೇರಿ ಮಾಡಿಕೊಡಲೇಬೇಕು ಅನ್ನುತ್ತೆ ಅದು. ಪಾಪ, ಟೋಸ್ಟರ್ ಆ ಪಟ್ಟಿಯಲ್ಲಿಲ್ಲ.

ಇನ್ನು ಮನೆಯವರ ಪ್ರಶ್ನೆ. ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲಾ ಖುಷಿಯಿಂದ ಹೇಳಿದಾಗ ಅಪ್ಪ ಕೇಳಿದ್ದು: “ಬ್ಯಾಂಕ್ ಸಾಲ ಮಾಡಿ ಕಳ್ಸಿದ್ದು ಅಲ್ಲಿ ಹೋಗಿ ಪುಕ್ಕಟೆ ಟೋಸ್ಟರ್ ರಿಪೇರಿ ಮಾಡೋಕಾ?” ಕೇಳಿದ್ದರಲ್ಲಿ ತಪ್ಪಿಲ್ಲ. ಲೆಕ್ಕ ಹಾಕೋಣ. 2024ರಲ್ಲಿ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 12.41 ಯೂರೋ. ನಾಲ್ಕು ಗಂಟೆ ಗೋಡೌನಿನಲ್ಲಿ ನಿಂತಿದ್ರೆ 50 ಯೂರೋ ಹತ್ತಿರ, ಆಗಿನ ಲೆಕ್ಕದಲ್ಲಿ ನಾಲ್ಕೂವರೆ ಸಾವಿರ ರೂಪಾಯಿ. ವರ್ಷಕ್ಕೆ 600 ಯೂರೋ ಬಿಟ್ಟ ಹಾಗಾಯ್ತು. ಬಡ್ಡಿ ಕಟ್ಟೋ ಮನೆಗೆ ಇದು ಸಣ್ಣ ಮೊತ್ತ ಅಲ್ಲ. ಬದಲಿಗೆ ಏನು ಸಿಕ್ತು ಅಂದ್ರೆ, ನಮ್ಮಲ್ಲಿ ಒಬ್ಬಳಿಗೆ ಇಂಟರ್ನ್‌ಶಿಪ್ ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಜರ್ಮನ್‌ನಲ್ಲೇ ಮಾತಾಡೋಕೆ ಆಯ್ತು, ಆ ಜಾಗವೂ ಸಿಕ್ತು. ಇನ್ನೊಬ್ಬನಿಗೆ ನೌಕರಿ ವಿಷಯದಲ್ಲಿ ಇದರಿಂದ ಮೂರು ಕಾಸಿನ ಲಾಭ ಆಗಲಿಲ್ಲ, ಅವನ ಲ್ಯಾಬಿನಲ್ಲಿ ಎಲ್ಲಾ ಇಂಗ್ಲಿಷೇ. ಅವನಿಗೆ ಸಿಕ್ಕಿದ್ದು ಬೇರೆ: ಎರಡನೇ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಎರಡು ಸಲ ಹೋಗಿ, ಮೂರನೇದಕ್ಕೆ ಕೂರೋ ಮೊದಲು ರಾತ್ರಿ ನಿದ್ದೆ ಬರದೆ ಇದ್ದಾಗ, ಊಟಕ್ಕೆ ಕರೆದು ಕೂರಿಸಿಕೊಂಡು ಮಾತಾಡಿಸೋ ಒಂದು ಮನೆ. ರಿಪೇರಿ ಮೇಜಿನ ಹಿರಿಯರದ್ದೇ ಮನೆ ಅದು. ಪರೀಕ್ಷೆ ಬಗ್ಗೆ ಒಂದು ಮಾತೂ ಆಡದೆ, ಗ್ಯಾರೇಜಿಗೆ ಕರೆದುಕೊಂಡು ಹೋಗಿ ಹಳೇ ಮೊಪೆಡ್ಡಿನ ಕಾರ್ಬ್ಯುರೇಟರ್ ತೊಳೆಸಿದ್ರು. ವಿಷಯ ಪಾಸಾಯ್ತು, 3.7. ನಮ್ಮ ಲೆಕ್ಕದಲ್ಲಿ 600 ಯೂರೋಗೆ ನಷ್ಟ ಇಲ್ಲ. ಅಪ್ಪನ ಲೆಕ್ಕ ಇನ್ನೂ ಒಪ್ಪಿಲ್ಲ.

ನೀವೂ ಹೋಗೋರಿದ್ರೆ ತಿಳಿದಿರಬೇಕಾದ್ದು ಕೆಲವಿವೆ. ವಿದ್ಯಾರ್ಥಿ ಪರವಾನಗಿಯಲ್ಲಿ ದುಡಿಮೆಗೆ ಮಿತಿ ಇದೆ, 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಸಂಬಳವಿಲ್ಲದ ಏರನ್‌ಆಮ್ಟ್ ದುಡಿಮೆ ಅಲ್ಲ, ಆದರೆ ಎಲ್ಲಾದ್ರೂ ಭತ್ಯೆ ಅಂತ ದುಡ್ಡು ಕೊಡ್ತೀವಿ ಅಂದ್ರೆ ಮೊದಲು ವಿದೇಶಿಯರ ಕಚೇರಿಯಲ್ಲಿ ಕೇಳಿ. ಕೇಂದ್ರ ಸ್ವಯಂಸೇವಾ ಯೋಜನೆ ಅಂತ ಇನ್ನೊಂದಿದೆ, 2011ರಲ್ಲಿ ಕಡ್ಡಾಯ ಸೈನಿಕ ಸೇವೆ ನಿಲ್ಲಿಸಿದಾಗ ಅದಕ್ಕೆ ಬದಲಿಯಾಗಿದ್ದ ನಾಗರಿಕ ಸೇವೆಯ ಜಾಗಕ್ಕೆ ಬಂದಿದ್ದು. ಅದು ಕೈಖರ್ಚಿಗೆ ಸ್ವಲ್ಪ ಕೊಡೋ ಪೂರ್ಣಾವಧಿ ಕೆಲಸ, ಮಾಸ್ಟರ್ಸ್ ಜೊತೆ ಆಗಲ್ಲ. ಮಕ್ಕಳ ಜೊತೆ ಕೆಲಸ ಮಾಡೋದಾದ್ರೆ ಪೊಲೀಸ್ ದಾಖಲೆಯ ವಿಸ್ತೃತ ಪತ್ರ ಕೇಳ್ತಾರೆ, ಸ್ವಯಂಸೇವಕರಿಗೆ ಅದಕ್ಕೆ ಶುಲ್ಕ ಇಲ್ಲ. ಕೆಲಸ ಹುಡುಕೋಕೆ ಬಹಳಷ್ಟು ಊರುಗಳಲ್ಲಿ ಸ್ವಯಂಸೇವಕರನ್ನ ಜೋಡಿಸಿಕೊಡೋ ಕಚೇರಿ ಇರುತ್ತೆ. ಅಲ್ಲಿ ಹೋಗಿ ‘ಭಾಷೆ ಕಮ್ಮಿ, ಕೈ ಕೆಲಸ ಬರುತ್ತೆ’ ಅಂದ್ರೆ ಸಾಕು.

ಇದರ ಜೊತೆ ಒಂದು ಎಚ್ಚರಿಕೆ. ಎರಡು ವಾರ ವಿದೇಶದಲ್ಲಿ ಸ್ವಯಂಸೇವೆ, ಕೊನೆಗೆ ಸರ್ಟಿಫಿಕೇಟ್, ಶುಲ್ಕ ಲಕ್ಷದ ಮೇಲೆ ಅಂತ ಜಾಹೀರಾತು ಬರ್ತಾನೇ ಇರುತ್ತವೆ. ಅನಾಥಾಶ್ರಮದ ಮಕ್ಕಳ ಜೊತೆ ಹದಿನೈದು ದಿನ ಆಟ ಆಡಿ, ಫೋಟೋ ತಗೊಂಡು, ಮತ್ತೆ ಕಾಣೆಯಾಗೋದು ಆ ಮಕ್ಕಳಿಗೆ ಸೇವೆ ಹೇಗಾಗುತ್ತೆ ಅಂತ ನಮಗೆ ಅರ್ಥ ಆಗಿಲ್ಲ. ನಾವು ಕಂಡ ಜಾಗಗಳಲ್ಲಿ ಯಾರೂ ನಮ್ಮ ಹತ್ತಿರ ದುಡ್ಡು ಕೇಳಲಿಲ್ಲ. ಕೇಳಿದ್ದು ಒಂದೇ: ಮುಂದಿನ ತಿಂಗಳೂ ಬರ್ತೀರಾ?

ಹೊರಡೋ ಸೂಟ್‌ಕೇಸಿನಲ್ಲಿ ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ತುಂಬಿಕೊಳ್ಳಬೇಡಿ, ಅಲ್ಲಿ ಎಲ್ಲಾ ಇರುತ್ತೆ. ಆ ಜಾಗದಲ್ಲಿ ಒಂದು ಕೆಜಿ ಒಳ್ಳೇ ಫಿಲ್ಟರ್ ಕಾಫಿಪುಡಿ ಇಡಿ, ಚಿಕ್ಕಮಗಳೂರಿನದಾದ್ರೆ ಇನ್ನೂ ಒಳ್ಳೇದು. ಚಿಕೋರಿ ಹಾಕದೆ ಇರೋದು ತಗೊಳ್ಳಿ. ನಾವು ಚಿಕೋರಿ ಇರೋದು ಕೊಟ್ಟಾಗ ಹಿರಿಯರು ಒಂದು ಗುಟುಕು ಕುಡಿದು, ಇದು ಯುದ್ಧಕಾಲದ ಕಾಫಿ ಅಂದ್ರು. ಆಗ ಕಾಫಿಬೀಜ ಸಿಗದೆ ಅವರ ಅಮ್ಮ ಚಿಕೋರಿ ಹುರಿದು ಕುದಿಸಿ ಕುಡಿಸ್ತಿದ್ರಂತೆ.